ಖಾಲಿ ದಿನದ ಲೆಕ್ಕ: ಹಾಸನದಲ್ಲಿ ನಮ್ಮ ಟಾಕೀಸನ್ನು ನಾನು ನಡೆಸುತ್ತಿರುವುದು ಹೀಗೆ

ಹಾಸನದಲ್ಲಿ ಯಾವ ಮದುವೆಗೆ ಹೋಗಲಿ, ಗೃಹಪ್ರವೇಶಕ್ಕೆ ಹೋಗಲಿ, ಪಕ್ಕದಲ್ಲಿ ಕೂತವರು ನನ್ನನ್ನು ಕೇಳುವುದು ಒಂದೇ. ಟಾಕೀಸು ಯಾವಾಗ ಮುಚ್ತೀರಾ? ಕೇಳುವವರು ಕೆಟ್ಟವರೇನಲ್ಲ. ಅವರಲ್ಲಿ ಎಷ್ಟೋ ಜನ ಮೊದಲ ಸಿನಿಮಾ ನೋಡಿದ್ದೇ ನಮ್ಮಲ್ಲಿ. ಮುಚ್ಚುವುದು ಹೇಗೂ ಗ್ಯಾರಂಟಿ, ದಿನಾಂಕ ಮಾತ್ರ ಗೊತ್ತಾಗಬೇಕು ಅನ್ನುವ ಹಾಗೆ ಕೇಳುತ್ತಾರೆ, ಅಷ್ಟೆ. ಎಲ್ಲರೂ ಹೇಳುವ ಕಾರಣ ಕೂಡ ಒಂದೇ: ಮೊಬೈಲು ಬಂತು, ಓಟಿಟಿ ಬಂತು, ಜನ ಬರಲ್ಲ.

ಗಲ್ಲಾಪೆಟ್ಟಿಗೆ ಹಿಂದೆ ಕೂತು ನೋಡಿದವಳಾಗಿ ಹೇಳುತ್ತೇನೆ, ಇದು ಪೂರ್ತಿ ನಿಜ ಅಲ್ಲ. ಒಳ್ಳೆ ಸಿನಿಮಾ ಬಂದರೆ ಜನ ಇವತ್ತಿಗೂ ಬರುತ್ತಾರೆ. 2022ರ ಏಪ್ರಿಲ್‌ನಲ್ಲಿ ‘ಕೆ.ಜಿ.ಎಫ್: ಚಾಪ್ಟರ್ 2’ ಬಂದಾಗ ಬಂದರು. ಅದೇ ವರ್ಷ ಸೆಪ್ಟೆಂಬರ್ 30ಕ್ಕೆ ‘ಕಾಂತಾರ’ ಬಂದಾಗ ಮೊದಲ ವಾರಕ್ಕಿಂತ ಎರಡನೇ ವಾರ ಜಾಸ್ತಿ ಬಂದರು. ದುದ್ದ, ಶಾಂತಿಗ್ರಾಮ, ಕಟ್ಟಾಯದ ಕಡೆಯಿಂದ ಗಾಡಿ ಮಾಡಿಕೊಂಡು, ಅಜ್ಜಿಯರನ್ನೂ ಕರೆದುಕೊಂಡು ಬಂದರು. ಹಾಗಾಗಿ ನಮಗೆ ಕಷ್ಟ ಇರುವುದು ಜನ ಬರುವ ದಿನದ್ದಲ್ಲ. ವರ್ಷದಲ್ಲಿ ಉಳಿದ ಅಷ್ಟೂ ದಿನದ್ದು. ತೋರಿಸುವುದಕ್ಕೆ ಏನೂ ಇಲ್ಲದ, ಇದ್ದರೂ ಹದಿನೈದು ಜನ ಕೂರುವ ದಿನಗಳು. ನಾನು ಅದನ್ನು ಖಾಲಿ ದಿನ ಅಂತ ಕರೆಯುತ್ತೇನೆ. ಟಾಕೀಸನ್ನು ಉಳಿಸಬೇಕು ಅಂದರೆ ಆ ಖಾಲಿ ದಿನದ ಮೇಲೆ ಕೆಲಸ ಮಾಡಬೇಕು. ಇಷ್ಟು ವರ್ಷ ನಾನು ಮಾಡಿದ್ದೂ ಅದನ್ನೇ.

ಕಟ್ಟಿಸಿದ್ದು ನಮ್ಮ ತಾತ, ಅರವತ್ತರ ದಶಕದಲ್ಲಿ. ಅದಕ್ಕೂ ಮುಂಚೆ ತಾತ ಟೂರಿಂಗ್ ಟಾಕೀಸು ಇಟ್ಟಿದ್ದರು. ಮಳೆಗಾಲದಲ್ಲಿ ಟೆಂಟು ಬಿಚ್ಚಿ ಮಡಚಿಡುವುದು ಸಾಕಾಗಿ, ಪಕ್ಕಾ ಕಟ್ಟಡ ಕಟ್ಟೋಣ ಅಂತ ಜಾಗ ತೆಗೆದುಕೊಂಡರಂತೆ. ಆಗ ಊರಿನ ಅಂಚು, ಈಗ ಊರಿನ ನಡುವೆ. ಸುಮಾರು 800 ಸೀಟು, ಕೆಳಗೆ ಪರದೆ ಹತ್ತಿರದ ಅಗ್ಗದ ಗಾಂಧಿ ಕ್ಲಾಸು ಮತ್ತು ಸೆಕೆಂಡ್ ಕ್ಲಾಸು, ಮೇಲೆ ಬಾಲ್ಕನಿ. ಮೇಲೆ ಆಸ್ಬೆಸ್ಟಾಸ್ ಶೀಟು. ತಾತ ಆದ ಮೇಲೆ ಅಪ್ಪ. ಅಪ್ಪ ತೀರಿಕೊಂಡ ಮೇಲೆ ಅಣ್ಣ ಬೆಂಗಳೂರಲ್ಲಿದ್ದ, ತಂಗಿ ಮದುವೆಯಾಗಿ ಮೈಸೂರಲ್ಲಿದ್ದಳು, ಊರಲ್ಲಿದ್ದವಳು ನಾನೊಬ್ಬಳೇ. ಸುಮ್ನೆ ಬೀಗ ಹಾಕುವುದು ಬೇಡ ಅಂತ ಕೂತೆ. ಕೂತು ಒಂದು ವರ್ಷ ಆಗುವುದರೊಳಗೆ 2020ರ ಮಾರ್ಚ್ ಬಂತು. ಎಲ್ಲಾ ಟಾಕೀಸಿಗೂ ಬೀಗ.

ಖಾಲಿ ದಿನ ಅಂದರೆ ಏನು ಅಂತ ನನಗೆ ಅರ್ಥವಾಗಿದ್ದು ಆಗಲೇ. ಮಾರ್ಚ್‌ನಿಂದ ಅಕ್ಟೋಬರ್ 15ರವರೆಗೆ ಒಂದು ಟಿಕೆಟ್ಟೂ ಹರಿದಿಲ್ಲ. ಆಮೇಲೂ ಕೆಲವು ತಿಂಗಳು ಅರ್ಧ ಸೀಟಿಗೆ ಮಾತ್ರ ಅನುಮತಿ. ಮತ್ತೆ 2021ರ ಏಪ್ರಿಲ್‌ನಲ್ಲಿ ಬಂದ್. ಅದಾದ ಮೇಲೆ ಮತ್ತೆ ಪೂರ್ತಿ ಸೀಟು ಮಾರುವುದಕ್ಕೆ ಆಗಿದ್ದು 2021ರ ಅಕ್ಟೋಬರ್ 1ರಿಂದ. ಅಷ್ಟು ದಿನ ಒಂದು ಫ್ಯಾನೂ ತಿರುಗದಿದ್ದರೂ ಕರೆಂಟು ಬಿಲ್ಲು ಬರುತ್ತಿತ್ತು. ಬಿಲ್ಲು ಹಿಡಿದುಕೊಂಡು ಕೂತು ಸಾಲು ಸಾಲಾಗಿ ಓದಿದೆ. ಯೂನಿಟ್ಟಿನ ಹಣ ಸೊನ್ನೆ. ಡಿಮ್ಯಾಂಡ್ ಚಾರ್ಜು ಮಾತ್ರ ಹಾಗೇ ಇದೆ. ಅಂದರೆ ನಮಗೆ ಮಂಜೂರಾದ ಲೋಡ್ (ಒಂದೇ ಸಲಕ್ಕೆ ಎಷ್ಟು ಕರೆಂಟು ಎಳೆಯಬಹುದು ಅನ್ನುವ ಮಿತಿ) ಎಷ್ಟಿದೆಯೋ ಅದರ ಮೇಲೆ, ಉಪಯೋಗಿಸಲಿ ಬಿಡಲಿ, ತಿಂಗಳು ತಿಂಗಳು ಕಟ್ಟಬೇಕು. ಆ ಲೋಡ್ ಯಾವ ಕಾಲದ್ದು ಅಂತ ಹಳೇ ಫೈಲು ತೆಗೆದರೆ, ಕಾರ್ಬನ್ ಸುಡುವ ಎರಡು ಪ್ರೊಜೆಕ್ಟರು, ಅದರ ರೆಕ್ಟಿಫೈಯರು, ಕೊನೆಗೆ ನಿಂತೇ ಹೋಗಿದ್ದ ಒಂದು ಹಳೇ ಕೂಲಿಂಗ್ ಪ್ಲಾಂಟು, ಎಲ್ಲಾ ಸೇರಿಸಿ ತೆಗೆದುಕೊಂಡಿದ್ದು. ಆ ಸಾಮಾನು ಯಾವುದೂ ಈಗ ಇಲ್ಲ.

ನಾನು ಮಾಡಿದ ಮೊದಲ ಕೆಲಸ ಲೋಡ್ ಇಳಿಸಿದ್ದು. ಎಲೆಕ್ಟ್ರಿಕಲ್ ಕಂಟ್ರಾಕ್ಟರ್ ಹತ್ತಿರ ಈಗ ನಿಜವಾಗಿ ಓಡುವ ಸಾಮಾನಿನ ಪಟ್ಟಿ ಮಾಡಿಸಿ, ಅರ್ಜಿ ಹಾಕಿ, ಹೊಸ ಒಪ್ಪಂದ ಮಾಡಿಕೊಂಡೆ. ಹಬ್ಬದ ದಿನ ಜಾಸ್ತಿ ಬೇಕಾದರೆ ಜನರೇಟರು ಇದ್ದೇ ಇದೆ. ಹಳೇ ಟಾಕೀಸು ನಡೆಸುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಹೊಸ ಸೀಟು, ಹೊಸ ಬಣ್ಣ, ಎಲ್ಲಕ್ಕಿಂತ ಮುಂಚೆ ನಿಮ್ಮ ಕರೆಂಟು ಬಿಲ್ಲಿನ ಆ ಒಂದು ಸಾಲು ನೋಡಿ. ನಮ್ಮಲ್ಲಿ ಅದೊಂದರಿಂದಲೇ ಖಾಲಿ ದಿನದ ಖರ್ಚು ಕಣ್ಣಿಗೆ ಕಾಣುವಷ್ಟು ಇಳಿಯಿತು.

ಎರಡನೇ ಕೆಲಸ ಓದುವುದು. ಅಪ್ಪ ಡಿ.ಸಿ.ಆರ್. ಪ್ರತಿಗಳನ್ನೆಲ್ಲ ದಾರ ಕಟ್ಟಿ ಇಟ್ಟಿದ್ದರು. ಡಿ.ಸಿ.ಆರ್. ಅಂದರೆ ದಿನದ ಕಲೆಕ್ಷನ್ ವರದಿ. ಯಾವ ಶೋಗೆ ಯಾವ ಕ್ಲಾಸಲ್ಲಿ ಎಷ್ಟು ಟಿಕೆಟ್, ಎಷ್ಟನೇ ನಂಬರಿಂದ ಎಷ್ಟನೇ ನಂಬರಿನವರೆಗೆ, ತೆರಿಗೆ ಎಷ್ಟು, ವಿತರಕರ ಪಾಲು ಎಷ್ಟು, ಎಲ್ಲಾ ಅದರಲ್ಲಿರುತ್ತದೆ. ಕೆಳಗೆ ಮ್ಯಾನೇಜರ್ ಸಹಿ, ಪಕ್ಕದಲ್ಲಿ ವಿತರಕರು ಕಳಿಸಿದ ರೆಪ್ರೆಸೆಂಟೇಟಿವ್ ಸಹಿ. ಹಳೇ ಹಾಳೆಗಳಲ್ಲಿ ಅಪ್ಪ ಪಕ್ಕದ ಜಾಗದಲ್ಲಿ ಪೆನ್ಸಿಲ್‌ನಲ್ಲಿ ಬರೆದಿರುತ್ತಿದ್ದರು: ‘ಮಳೆ’, ‘ಸಂತೆ’, ‘ಪರೀಕ್ಷೆ’, ‘ಆಲೂಗಡ್ಡೆ ರೇಟು ಬಿತ್ತು’. ಲಾಕ್‌ಡೌನಿನ ಉದ್ದಕ್ಕೂ ನಾನು ಅದನ್ನೇ ಓದಿದ್ದು. ಹಾಸನದ ರೈತರ ಕೈಯಲ್ಲಿ ದುಡ್ಡು ಯಾವಾಗ ಇರುತ್ತದೆ ಅಂತ ಆ ಪೆನ್ಸಿಲ್ ಗುರುತುಗಳಲ್ಲಿ ಗೊತ್ತಾಗುತ್ತದೆ. ಮುಂಗಾರಿನ ಆಲೂಗಡ್ಡೆ ಕಿತ್ತು ಮಾರಿದ ಮೇಲೆ ಸೆಕೆಂಡ್ ಶೋ ತುಂಬುತ್ತಿತ್ತು. ಬೆಳೆಗೆ ಅಂಗಮಾರಿ ಬಂದ ವರ್ಷ ಗೌರಿ ಹಬ್ಬದ ವಾರವೂ ಬಿಕೋ ಅನ್ನುತ್ತಿತ್ತು.

ಈಗಿನ ಹಾಳೆಗಳನ್ನು ಅದರ ಪಕ್ಕ ಇಟ್ಟು ನೋಡಿದಾಗ ಎದ್ದು ಕಂಡಿದ್ದು ಒಂದೇ ವ್ಯತ್ಯಾಸ. ಹಬ್ಬದ ದಿನದ ಕಲೆಕ್ಷನ್ ಅಷ್ಟೇನೂ ಬಿದ್ದಿಲ್ಲ. ಬಾಲ್ಕನಿ ಬಿದ್ದಿತ್ತು. ಅದರಲ್ಲೂ ಮ್ಯಾಟ್ನಿಯ ಬಾಲ್ಕನಿ. ಒಂದು ಕಾಲಕ್ಕೆ ಮ್ಯಾಟ್ನಿಯ ಬಾಲ್ಕನಿ ಅಂದರೆ ಹೆಂಗಸರು. ಅಡುಗೆ ಮುಗಿಸಿ, ಮಕ್ಕಳನ್ನು ಸ್ಕೂಲಿಗೆ ಕಳಿಸಿ, ನಾಲ್ಕೈದು ಜನ ಜೊತೆಯಾಗಿ ಬರುತ್ತಿದ್ದರು. ಅವರು ಬರುವುದನ್ನು ನಿಲ್ಲಿಸಿದ್ದರು. ಕಾರಣ ಧಾರಾವಾಹಿ ಅಂತ ಎಲ್ಲರೂ ಹೇಳುತ್ತಿದ್ದರು, ನಾನೂ ನಂಬಿದ್ದೆ.

ಆಮೇಲೆ ಕಟ್ಟಿನಕೆರೆ ಮಾರ್ಕೆಟ್ಟಲ್ಲಿ ನಾನು ಯಾವಾಗಲೂ ಸೊಪ್ಪು ತೆಗೆದುಕೊಳ್ಳುವ ಅಕ್ಕನನ್ನು ಕೇಳಿದೆ. ಯಾಕಕ್ಕ ನಮ್ ಟಾಕೀಸ್ ಕಡೆ ಬರೋದೇ ಬಿಟ್ರಿ? ಆಕೆ ಕಟ್ಟು ಕಟ್ಟುತ್ತಲೇ ಹೇಳಿದರು: “ನಿಮ್ ಬಾತ್ರೂಮಿಗೆ ಹೋಗಕ್ಕಾಗಲ್ಲ ಕಣವ್ವ. ಮೂರು ಗಂಟೆ ಹೆಂಗೆ ತಡ್ಕೊಂಡು ಕೂರೋದು?”

ಅಷ್ಟೇ. ಧಾರಾವಾಹಿಯೂ ಅಲ್ಲ, ಮೊಬೈಲೂ ಅಲ್ಲ.

ಆ ಶೌಚಾಲಯದ ಬಗ್ಗೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಯಾಕೆಂದರೆ ನಾನು ಹಾಕಿದ ದುಡ್ಡಿನಲ್ಲಿ ಅತಿ ಬೇಗ ವಾಪಸ್ ಬಂದಿದ್ದು ಅದೇ. ಹೆಂಗಸರ ಕಡೆ ಇದ್ದಿದ್ದು ಮೂರು, ಅದರಲ್ಲಿ ಒಂದಕ್ಕೆ ಚಿಲಕ ಇರಲಿಲ್ಲ. ಗಂಡಸರ ಕಡೆಗೂ ಹೆಂಗಸರ ಕಡೆಗೂ ಒಂದೇ ಓಣಿ. ಇಂಟರ್‌ವಲ್ ಹೊತ್ತಿಗೆ ಆ ಓಣಿಯಲ್ಲಿ ಗಂಡಸರು ಬೀಡಿ ಸೇದುತ್ತಾ ನಿಂತಿರುತ್ತಿದ್ದರು. ನೀರಿನ ಟ್ಯಾಂಕು ಮೇಲಿದ್ದರೂ ಪೈಪು ತುಕ್ಕು ಹಿಡಿದು ನೀರು ಸಣ್ಣಗೆ ಬರುತ್ತಿತ್ತು. ನಾನು ಹೆಂಗಸರ ಶೌಚಾಲಯವನ್ನು ಕಟ್ಟಡದ ಇನ್ನೊಂದು ಬದಿಗೇ ಒಯ್ದೆ. ಬಾಲ್ಕನಿ ಮೆಟ್ಟಿಲ ಕೆಳಗೆ ಹಳೇ ಪೋಸ್ಟರು ತುಂಬಿದ್ದ ಗೋಡೌನ್ ಇತ್ತು, ಅದನ್ನು ಖಾಲಿ ಮಾಡಿಸಿ ಅಲ್ಲಿ ಆರು ಮಾಡಿಸಿದೆ. ಎರಡು ಪಾಶ್ಚಾತ್ಯ ಶೈಲಿ, ನಾಲ್ಕು ನಮ್ಮದು. ಒಳಗಡೆ ಗಟ್ಟಿ ಚಿಲಕ, ಬ್ಯಾಗ್ ನೇತುಹಾಕಲು ಮೊಳೆ, ಮುಚ್ಚಳ ಇರುವ ಕಸದ ಬುಟ್ಟಿ. ಓಣಿಗೆ ಟ್ಯೂಬ್‌ಲೈಟು. ಎಲ್ಲಕ್ಕಿಂತ ಮುಖ್ಯ ಅಂದರೆ ಶೋ ನಡೆಯುವಷ್ಟು ಹೊತ್ತೂ ಅಲ್ಲೇ ಇರುವ ಒಬ್ಬ ಹೆಂಗಸು. ಆಕೆಗೆ ಗೇಟ್‌ಕೀಪರ್‌ನಷ್ಟೇ ಸಂಬಳ. ಕಟ್ಟಿಸುವುದು ಒಂದು ಸಲದ ಖರ್ಚು, ಚೊಕ್ಕಟವಾಗಿ ಇಡುವುದು ದಿನದ ಖರ್ಚು. ಈ ಎರಡನೆಯದರಲ್ಲಿ ಕೈ ಬಿಗಿ ಹಿಡಿದರೆ ಮೊದಲನೆಯದು ನೀರಲ್ಲಿ ಹೋಮ ಮಾಡಿದ ಹಾಗೆ.

ಆರು ತಿಂಗಳಾಗುವಷ್ಟರಲ್ಲಿ ಮ್ಯಾಟ್ನಿಯ ಬಾಲ್ಕನಿಯಲ್ಲಿ ಮತ್ತೆ ಸೀರೆಗಳು ಕಾಣಿಸಿದವು. ಸಾಲಗಾಮೆ ರಸ್ತೆಯ ಕಾಲೇಜುಗಳ ಹುಡುಗಿಯರು ಗುಂಪಾಗಿ ಬರಲು ಶುರು ಮಾಡಿದರು. ಹೆಂಗಸರು ಬಂದರೆ ಮಕ್ಕಳು ಬರುತ್ತಾರೆ, ಮಕ್ಕಳು ಬಂದರೆ ಪಾಪ್‌ಕಾರ್ನು, ಐಸ್‌ಕ್ರೀಮು ಹೋಗುತ್ತದೆ. ಕ್ಯಾಂಟೀನಿನ ದುಡ್ಡಲ್ಲಿ ವಿತರಕರಿಗೆ ಪಾಲಿಲ್ಲ, ಅದು ಪೂರ್ತಿ ಟಾಕೀಸಿನದು.

ಕಟ್ಟಡದ ವಿಷಯಕ್ಕೆ ಬಂದರೆ, ನಮ್ಮ ದೊಡ್ಡ ಶತ್ರು ಮಳೆ. ಹಾಸನಕ್ಕೆ ಜೂನ್, ಜುಲೈನಲ್ಲಿ ಮಲೆನಾಡಿನ ಮಳೆಯ ಒಂದು ಪಾಲು ಬಂದೇ ಬರುತ್ತದೆ. ಶೀಟಿನ ಮೇಲೆ ಹುಯ್ದರೆ ಒಳಗೆ ಮಾತು ಕೇಳಿಸುವುದಿಲ್ಲ. ಆಪರೇಟರ್ ಸೌಂಡ್ ಏರಿಸುತ್ತಾನೆ, ಸ್ಪೀಕರು ಒಡೆದ ದನಿ ಮಾಡುತ್ತದೆ, ಜನ ಕೂಗುತ್ತಾರೆ. ಶೀಟು ತೆಗೆದು ಬೇರೆ ಛಾವಣಿ ಹಾಕಿಸುವಷ್ಟು ಹಣ ನಮ್ಮ ಹತ್ತಿರ ಇರಲಿಲ್ಲ. ಶೀಟಿನ ಕೆಳಗೆ ಕಬ್ಬಿಣದ ಫ್ರೇಮು ಕಟ್ಟಿ, ಗ್ಲಾಸ್‌ವುಲ್ ತುಂಬಿ, ಅದರ ಕೆಳಗೆ ಬೋರ್ಡು ಹೊಡೆಸಿದೆ. ಮಳೆ ಈಗಲೂ ಕೇಳಿಸುತ್ತದೆ, ಆದರೆ ದೂರದಲ್ಲಿ. ಬೇಸಿಗೆಯಲ್ಲಿ ಸೆಕೆಯೂ ಕಡಿಮೆಯಾಯಿತು, ಇದನ್ನು ನಾನು ಲೆಕ್ಕ ಹಾಕಿರಲಿಲ್ಲ. ಏ.ಸಿ. ಹಾಕಿಸಿಲ್ಲ. ಹಾಕಿಸಿದರೆ ಇಳಿಸಿದ ಲೋಡ್ ಮತ್ತೆ ಏರಿಸಬೇಕು, ಖಾಲಿ ದಿನದ ಖರ್ಚು ಮತ್ತೆ ಮೊದಲಿನ ಜಾಗಕ್ಕೇ ಬರುತ್ತದೆ. ಹಾಸನದ ಹವೆಗೆ ವರ್ಷದಲ್ಲಿ ಮೂರು ತಿಂಗಳು ಬಿಟ್ಟರೆ ಅದು ಬೇಕಾಗಿಯೂ ಇಲ್ಲ.

ಸೀಟು ಇಳಿಸಿದ್ದಕ್ಕೆ ಮಾತ್ರ ಊರೆಲ್ಲ ಬೈದರು. 800ರ ಹತ್ತಿರ ಇದ್ದಿದ್ದನ್ನು 450ಕ್ಕೆ ತಂದೆ. ಮುಂದಿನ ಸಾಲುಗಳನ್ನು ಕಿತ್ತು, ಹಿಂದಿನ ಸಾಲುಗಳ ನಡುವೆ ಕಾಲು ಚಾಚುವಷ್ಟು ಜಾಗ ಬಿಟ್ಟು, ಹೊಸ ಕುಶನ್ ಸೀಟು ಹಾಕಿಸಿದೆ. 800 ಸೀಟು ತುಂಬುವುದು ವರ್ಷಕ್ಕೆ ಬೆರಳೆಣಿಕೆಯ ಶೋ. ಉಳಿದ ದಿನ 800ರ ಹಾಲಿನಲ್ಲಿ ಕೂತ 60 ಜನಕ್ಕೆ ಹಾಲು ಖಾಲಿ ಹೊಡೆಯುತ್ತಿದೆ ಅನ್ನಿಸುತ್ತದೆ, 450ರಲ್ಲಿ ಹಾಗನ್ನಿಸುವುದಿಲ್ಲ. ಗುಡಿಸುವ, ಒರೆಸುವ ಕೆಲಸವೂ ಅರ್ಧ. ಗಾಂಧಿ ಕ್ಲಾಸ್ ತೆಗೆದುಬಿಟ್ರಲ್ಲ ಅಂತ ಹಳಬರು ಬೇಜಾರು ಮಾಡಿಕೊಂಡರು. ನನಗೂ ಬೇಜಾರಿದೆ. ಮೊದಲ ದಿನ ಹಾಡಿಗೆ ಎದ್ದು ಕುಣಿದು ಚಿಲ್ಲರೆ ಎಸೆಯುತ್ತಿದ್ದವರು ಅಲ್ಲಿನವರೇ ಅಲ್ವಾ? ಅದಕ್ಕೇ ಪರದೆಯ ಮುಂದೆ ಕುಣಿಯುವಷ್ಟು ಜಾಗ ಖಾಲಿ ಬಿಟ್ಟಿದ್ದೇನೆ. ಅತಿ ಕಡಿಮೆ ದರದ ಟಿಕೆಟ್ಟೂ ಹಾಗೇ ಉಳಿಸಿದ್ದೇನೆ.

ಇನ್ನು ಬಾಕ್ಸು. ಪ್ರೊಜೆಕ್ಟರ್ ಕೋಣೆಗೆ ನಾವೆಲ್ಲ ಬಾಕ್ಸು ಅಂತಲೇ ಹೇಳುವುದು. ನಮ್ಮ ಆಪರೇಟರ್ ಮಾಮ ತಾತನ ಕಾಲದ ಕೊನೆಯಲ್ಲಿ ಹುಡುಗನಾಗಿ ಸೇರಿದವರು. ಎರಡು ಕಾರ್ಬನ್ ಕಡ್ಡಿಗಳ ನಡುವೆ ಕಿಡಿ ಹೊತ್ತಿಸಿ, ಕಡ್ಡಿ ಸವೆದಂತೆಲ್ಲ ಹತ್ತಿರ ತರುತ್ತಾ, ಕಪ್ಪು ಗಾಜಿನಲ್ಲಿ ಅದನ್ನೇ ನೋಡುತ್ತಾ ಕೂರುತ್ತಿದ್ದರಂತೆ. ಸೆಕೆಂಡಿಗೆ 24 ಫ್ರೇಮು. ದೊಡ್ಡ ರೀಲು ಅಂದರೆ 2000 ಅಡಿ, ಇಪ್ಪತ್ತು ನಿಮಿಷಕ್ಕೆ ಸ್ವಲ್ಪ ಜಾಸ್ತಿ. ಪರದೆಯ ಬಲಗಡೆ ಮೇಲಿನ ಮೂಲೆಯಲ್ಲಿ ಚುಕ್ಕೆ ಮಿಂಚಿದಾಗ ಎರಡನೇ ಪ್ರೊಜೆಕ್ಟರ್ ಶುರು ಮಾಡಬೇಕು, ಮತ್ತೆ ಮಿಂಚಿದಾಗ ಬದಲಾಯಿಸಬೇಕು. ಕೆಳಗೆ ಕೂತವರಿಗೆ ಗೊತ್ತೇ ಆಗಬಾರದು. ಒಂದೇ ಪ್ರಿಂಟನ್ನು ಎರಡು ಊರಲ್ಲಿ ಓಡಿಸುವಾಗ ಅಲ್ಲಿ ಮುಗಿದ ರೀಲು ಡಬ್ಬ ಬೈಕಿನಲ್ಲಿ ಇಲ್ಲಿಗೆ ಬರುತ್ತಿತ್ತು. ಡಬ್ಬ ಬರುವವರೆಗೂ ಮಾಮನಿಗೆ ಎದೆ ಡವಡವ.

ಈಗ ಡಬ್ಬ ಇಲ್ಲ. ಸಿನಿಮಾ ಉಪಗ್ರಹದ ಮೂಲಕವೋ ಹಾರ್ಡ್ ಡಿಸ್ಕಿನಲ್ಲೋ ಬರುತ್ತದೆ, ತೆರೆಯುವುದಕ್ಕೆ ಬೇರೆ ‘ಕೀ’ ಬರಬೇಕು. ಇಂಥ ಟಾಕೀಸಿಗೆ, ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಆ ಕೀಯಲ್ಲೇ ಇರುತ್ತದೆ. ಶುಕ್ರವಾರ ಬೆಳಿಗ್ಗೆ ವಿತರಕರ ಲೆಕ್ಕ ಚುಕ್ತಾ ಆಗಿಲ್ಲ ಅಂದರೆ ಕೀ ಬರಲ್ಲ, ಜನ ಟಿಕೆಟ್ ತೆಗೆದುಕೊಂಡು ಒಳಗೆ ಕೂತಿರುತ್ತಾರೆ. ಮಾಮನ ಎದೆ ಡವಡವ ಈಗ ನನಗೆ ಬಂದಿದೆ.

ಪ್ರೊಜೆಕ್ಟರಿಗೆ ಈಗ ಇರುವುದು ಕ್ಸೆನಾನ್ ಲ್ಯಾಂಪು. ಗಾಜಿನೊಳಗೆ ಒತ್ತಡದಲ್ಲಿ ಅನಿಲ ತುಂಬಿರುತ್ತಾರೆ. ಬದಲಾಯಿಸುವಾಗ ಮುಖಕ್ಕೆ ಗುರಾಣಿ, ಕೈಗೆ ಗವಸು ಹಾಕಿಕೊಳ್ಳಲೇಬೇಕು, ಗಾಜಿಗೆ ಬೆರಳು ತಾಗಬಾರದು. ಗಂಟೆಗಳ ಲೆಕ್ಕದಲ್ಲಿ ಅದರ ಆಯಸ್ಸು. ಆಯಸ್ಸು ಮುಗಿಯುತ್ತಾ ಬಂದ ಹಾಗೆ ಬೆಳಕು ಮಂಕಾಗುತ್ತದೆ. ದುಡ್ಡು ಉಳಿಸಲು ಅದನ್ನೇ ಎಳೆದಾಡುವುದು ಎಷ್ಟೋ ಕಡೆ ನಡೆಯುತ್ತದೆ, ರಾತ್ರಿಯ ದೃಶ್ಯ ಬಂದರೆ ಏನೂ ಕಾಣುವುದಿಲ್ಲ. ನಾನು ಹಾಗೆ ಮಾಡುವುದಿಲ್ಲ. ಮನೆಯ ಟಿವಿಯಲ್ಲಿ ಇದಕ್ಕಿಂತ ಚೆನ್ನಾಗಿ ಕಾಣುತ್ತೆ ಅಂತ ಒಂದು ಸಲ ಅನ್ನಿಸಿಬಿಟ್ಟರೆ ಮುಗಿಯಿತು, ಆ ಮನೆಯವರು ತಿರುಗಿ ಬರುವುದಿಲ್ಲ. ಖಾಲಿ ದಿನದಲ್ಲಿ ಉಳಿಸಿದ್ದನ್ನು ಇಲ್ಲಿ ಖರ್ಚು ಮಾಡುತ್ತೇನೆ. ಪರದೆಯನ್ನು ವರ್ಷಕ್ಕೊಮ್ಮೆ ಒರೆಸಿಸುವುದು, ಬಾಕ್ಸಿನಿಂದ ಬೆಳಕು ಹೊರಬೀಳುವ ಕಿಂಡಿಯ, ಅಂದರೆ ಪೋರ್ಟ್‌ಹೋಲಿನ, ಗಾಜನ್ನು ದಿನಾ ಒರೆಸುವುದು, ಇದಕ್ಕೆ ದುಡ್ಡೂ ಬೇಡ. ಆ ಪುಟ್ಟ ಗಾಜಿನ ಮೇಲೆ ಧೂಳು ಕೂತರೆ ಎಷ್ಟು ಒಳ್ಳೆ ಪ್ರೊಜೆಕ್ಟರ್ ಇದ್ದರೂ ಚಿತ್ರ ಹಾಲು ಬೆರೆಸಿದಂತೆ ಕಾಣುತ್ತದೆ.

ಸಿನಿಮಾ ಹಾಕಿಕೊಳ್ಳುವ ವಿಷಯ ಕಷ್ಟದ್ದು. ವರ್ಷಕ್ಕೆ 200ಕ್ಕೂ ಹೆಚ್ಚು ಕನ್ನಡ ಸಿನಿಮಾ ಬರುತ್ತವೆ. ಒಂದೊಂದು ಶುಕ್ರವಾರ ಏಳೆಂಟು, ಇನ್ನೊಂದು ತಿಂಗಳು ಹಾಕುವಂಥದ್ದು ಒಂದೂ ಇಲ್ಲ. ದೊಡ್ಡ ಸ್ಟಾರ್‌ಗಳ ಸಿನಿಮಾ ಎರಡು ವರ್ಷಕ್ಕೊಂದು, ಮೂರು ವರ್ಷಕ್ಕೊಂದು ಆಗಿಬಿಟ್ಟಿವೆ. ನಮ್ಮಂಥ ಊರಿನ ಟಾಕೀಸು ನಿಂತಿದ್ದೇ ಅವರ ಮೇಲೆ. ಮುಂಚೆ ಬಾಡಿಗೆ ಲೆಕ್ಕ ಇತ್ತು. ನಿರ್ಮಾಪಕರೋ ವಿತರಕರೋ ವಾರಕ್ಕೆ ಇಷ್ಟು ಅಂತ ಕಟ್ಟಿ ಸಿನಿಮಾ ಹಾಕಿಸುತ್ತಿದ್ದರು. ಜನ ಬರಲಿ ಬಿಡಲಿ ಟಾಕೀಸಿಗೆ ಬಾಡಿಗೆ ಬರುತ್ತಿತ್ತು. ಅಪ್ಪನ ಹಾಳೆಗಳಲ್ಲಿ ಎಷ್ಟೋ ವಾರ ಕಲೆಕ್ಷನ್ ಬಾಡಿಗೆಗಿಂತ ಕಡಿಮೆ ಇದೆ, ಅಂದರೆ ಅಷ್ಟೂ ಯಾರೋ ಹೊಸ ನಿರ್ಮಾಪಕರ ಕೈಯಿಂದ ಹೋಗಿದೆ. ನಾನು ಈಗ ಪರ್ಸೆಂಟೇಜ್ ಲೆಕ್ಕದಲ್ಲಿ ಹಾಕಿಕೊಳ್ಳುತ್ತೇನೆ. ಬಂದದ್ದರಲ್ಲಿ ಇಬ್ಬರಿಗೂ ಪಾಲು. ನನಗೆ ಕೆಲವು ವಾರ ನಷ್ಟ ಆಗುತ್ತದೆ ನಿಜ. ಆದರೆ ಸಣ್ಣ ಸಿನಿಮಾದವರು ಗಾಂಧಿನಗರದಿಂದ ಫೋನ್ ಮಾಡಿ, ಮೇಡಂ ಒಂದು ಶೋ ಕೊಡಿ ಸಾಕು ಅಂದಾಗ ಧೈರ್ಯವಾಗಿ ಕೊಡಬಹುದು. ಚೆನ್ನಾಗಿದ್ದರೆ ಎರಡನೇ ವಾರ ಎರಡು ಶೋ ಮಾಡುತ್ತೇನೆ. ಬಾಯಿಂದ ಬಾಯಿಗೆ ಸುದ್ದಿ ಹರಡಲು ಟೈಮ್ ಬೇಕು. ಶುಕ್ರವಾರ ಹಾಕಿ ಸೋಮವಾರ ತೆಗೆದುಬಿಟ್ಟರೆ ಯಾವ ಸಿನಿಮಾಕ್ಕೂ ಅದು ಸಿಗುವುದಿಲ್ಲ.

ವಾರದ ದಿನಗಳಲ್ಲಿ ದೊಡ್ಡ ಸಿನಿಮಾ ಇಲ್ಲದಿದ್ದರೆ ಮ್ಯಾಟ್ನಿ ಮತ್ತು ಫಸ್ಟ್ ಶೋ ಎರಡೇ. ನಾಲ್ಕು ಆಟ ಆಡಿಸಲೇಬೇಕು ಅನ್ನುವ ಹಠ ಬಿಟ್ಟೆ.

ಟಿಕೆಟ್ ದರದ ಬಗ್ಗೆ ಎಲ್ಲರೂ ಕೇಳುತ್ತಾರೆ. ಜಿ.ಎಸ್.ಟಿ. ಬರುವ ಮುಂಚೆ ಕನ್ನಡ ಸಿನಿಮಾಕ್ಕೆ ನಮ್ಮ ರಾಜ್ಯದಲ್ಲಿ ಮನರಂಜನಾ ತೆರಿಗೆ ಇರಲಿಲ್ಲ. 2017ರ ಜುಲೈನಿಂದ ಆ ಅನುಕೂಲ ಹೋಯಿತು, 100 ರೂಪಾಯಿವರೆಗಿನ ಟಿಕೆಟ್ಟಿಗೂ 18 ಪರ್ಸೆಂಟ್ ಬಂತು. 2019ರಲ್ಲಿ ಅದು 12 ಆಯಿತು, 2025ರ ಸೆಪ್ಟೆಂಬರ್ 22ರಿಂದ 5ಕ್ಕೆ ಇಳಿದಿದೆ. 100 ದಾಟಿದರೆ ಈಗಲೂ 18. ಹಾಗಾಗಿ ನಮ್ಮ ಬಾಲ್ಕನಿ 100, ಕೆಳಗಡೆ 80 ಮತ್ತು 60. ಅದೇ ಸೆಪ್ಟೆಂಬರ್‌ನಲ್ಲಿ ಸರ್ಕಾರ 200 ರೂಪಾಯಿ ಮಿತಿ ಹಾಕಿ ಆದೇಶ ಮಾಡಿದಾಗ, ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಾಗ, ಟಿವಿಯಲ್ಲಿ ದೊಡ್ಡ ಚರ್ಚೆ ಆಯಿತು. ನಮ್ಮಂಥವರಿಗೆ ಆ ಮಿತಿ ತಾಗುವುದೇ ಇಲ್ಲ. ನಮಗೆ ತಾಗಿದ್ದು 5 ಪರ್ಸೆಂಟ್. ದರ ಏರಿಸದೆ ಕೈಗೆ ನಾಲ್ಕು ಕಾಸು ಜಾಸ್ತಿ ಉಳಿಯುವಂತೆ ಮಾಡಿದ್ದು ಅದು.

ಖಾಲಿ ದಿನ ಖರ್ಚು ಇಳಿಸಿದರೆ ಸಾಲದು, ಆ ದಿನ ಏನಾದರೂ ಬರಬೇಕು. ನಮ್ಮ ಅಂಗಳ ದೊಡ್ಡದು. ಸಿನಿಮಾಕ್ಕೆ ಬಂದವರಿಗೆ ಮಾತ್ರ ಇದ್ದ ಸೈಕಲ್ ಸ್ಟ್ಯಾಂಡನ್ನು ದಿನವಿಡೀ ತೆರೆದೆ. ಬೆಳಿಗ್ಗೆ ಹಳ್ಳಿಯಿಂದ ಬೈಕಿನಲ್ಲಿ ಬಂದು, ಇಲ್ಲಿಂದ ಬಸ್ಸು ರೈಲು ಹಿಡಿದು ಬೇರೆ ಊರಿಗೆ ಕೆಲಸಕ್ಕೆ ಹೋಗುವವರು ತುಂಬಾ ಜನ ಇದ್ದಾರೆ. ಅವರಿಗೆ ತಿಂಗಳ ಪಾಸು. ರಸ್ತೆ ಕಡೆ ಎರಡು ಮಳಿಗೆ ಬಾಡಿಗೆಗೆ ಕೊಟ್ಟಿದ್ದೇನೆ. ಬೆಳಗಿನ ಹೊತ್ತು ಶಾಲೆಯವರು ಮಕ್ಕಳಿಗಾಗಿ ಶೋ ಬುಕ್ ಮಾಡುತ್ತಾರೆ, ಅದಕ್ಕೆ ಹೆಡ್‌ಮಾಸ್ಟರ್‌ಗಳ ಹತ್ತಿರ ನಾನೇ ಹೋಗಿ ಮಾತಾಡುತ್ತೇನೆ. ಹುಡುಗರು ತಾವು ತೆಗೆದ ಕಿರುಚಿತ್ರ ಹಾಕಿಕೊಡಿ ಅಂತ ಬಂದಿದ್ದರು, ತುಂಬಾ ಆಸೆಯಿತ್ತು, ಆದರೆ ಸೆನ್ಸಾರ್ ಸರ್ಟಿಫಿಕೇಟ್ ಇಲ್ಲದೆ ಸಾರ್ವಜನಿಕರಿಗೆ ತೋರಿಸುವುದಕ್ಕೆ 1952ರ ಸಿನಿಮಾಟೋಗ್ರಾಫ್ ಕಾಯ್ದೆ ಬಿಡುವುದಿಲ್ಲ. ನಮ್ಮ ಲೈಸೆನ್ಸ್ ಬೇರೆ 1964ರ ಕರ್ನಾಟಕ ಸಿನಿಮಾ ಕಾಯ್ದೆಯ ಕೆಳಗೆ ಡಿ.ಸಿ. ಆಫೀಸಿನಿಂದ ಬರುವುದು, ಅದನ್ನು ಅಪಾಯಕ್ಕೆ ಒಡ್ಡುವುದಕ್ಕಾಗುವುದಿಲ್ಲ. ಸರ್ಟಿಫಿಕೇಟ್ ಮಾಡಿಸಿಕೊಂಡು ಬನ್ನಿ, ಹಾಲ್ ಬಾಡಿಗೆ ತೆಗೆದುಕೊಳ್ಳುವುದಿಲ್ಲ ಅಂತ ಹೇಳಿದ್ದೇನೆ.

ಆಮೇಲೆ ಹಾಸನಾಂಬೆ. ಆಶ್ವಯುಜದಲ್ಲಿ ಅಮ್ಮನ ಬಾಗಿಲು ತೆರೆದಾಗ ಲಕ್ಷಗಟ್ಟಲೆ ಜನ ಬರುತ್ತಾರೆ, ರಾತ್ರಿಯೆಲ್ಲ ಸರತಿಯಲ್ಲಿ ನಿಲ್ಲುತ್ತಾರೆ. ಆ ದಿನಗಳಲ್ಲಿ ಅಂಗಳ ಮತ್ತು ಶೌಚಾಲಯ ಇಪ್ಪತ್ನಾಲ್ಕು ಗಂಟೆ ತೆರೆದಿಡುತ್ತೇನೆ. ಶೌಚಾಲಯಕ್ಕೆ ದುಡ್ಡು ತೆಗೆದುಕೊಳ್ಳುವುದಿಲ್ಲ. ದರ್ಶನ ಮುಗಿಸಿ ಬಸ್ಸಿಗೆ ಇನ್ನೂ ಹೊತ್ತಿದೆ ಅನ್ನುವವರು ಮ್ಯಾಟ್ನಿಗೆ ಒಳಗೆ ಬರುತ್ತಾರೆ. ಅಪ್ಪನ ಪೆನ್ಸಿಲ್ ಗುರುತಿನಲ್ಲೂ ಆ ವಾರಕ್ಕೆ ‘ಅಮ್ಮ’ ಅಂತ ಇದೆ.

ಇಷ್ಟೆಲ್ಲ ಮಾಡಿದ ಮೇಲೂ ಟಾಕೀಸು ಉಳಿಯುತ್ತದೆ ಅಂತ ಹೇಳುವುದಕ್ಕೆ ನನಗೆ ಆಗುವುದಿಲ್ಲ, ಯಾಕೆಂದರೆ ಜಾಗದ ಬೆಲೆ ಇದೆ. ಬೆಂಗಳೂರಲ್ಲಿ 1968ರಲ್ಲಿ ಶುರುವಾದ ಕಪಾಲಿ 2017ರಲ್ಲಿ ಹೋಯಿತು, 1974ರ ಕಾವೇರಿ 2024ರಲ್ಲಿ ಹೋಯಿತು. ಅಲ್ಲಿ ಸಿನಿಮಾ ಓಡುತ್ತಿರಲಿಲ್ಲ ಅಂತಲ್ಲ. ಆ ಜಾಗದಲ್ಲಿ ಬೇರೆ ಏನು ಕಟ್ಟಿದರೂ ಸಿನಿಮಾಗಿಂತ ಜಾಸ್ತಿ ಬರುತ್ತದೆ. ಹಾಸನದಲ್ಲೂ ಅದೇ ಲೆಕ್ಕ ಬಂದಿದೆ. ನಮ್ಮ ಜಾಗಕ್ಕೆ ಒಬ್ಬ ಬಿಲ್ಡರ್ ಹೇಳಿದ ರೇಟನ್ನು ಬ್ಯಾಂಕಿನಲ್ಲಿ ಇಟ್ಟರೆ ಬರುವ ಬಡ್ಡಿ, ನಾನು ಇಷ್ಟು ಓಡಾಡಿ ದುಡಿಯುವುದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಜಾಗ ಮೂವರದು. ಅಣ್ಣನಿಗೆ ಮಕ್ಕಳ ಓದಿದೆ, ತಂಗಿಗೆ ಮನೆ ಸಾಲ ಇದೆ. ಅವರು ಮಾರೋಣ ಅಂದರೆ ಅದು ದುರಾಸೆ ಅಲ್ಲ, ಅವರ ಪಾಲಿನ ಹಕ್ಕು. ಟಾಕೀಸು ಮುಚ್ಚಿದಾಗ ‘ಅಯ್ಯೋ ನಮ್ಮ ನೆನಪು’ ಅಂತ ಬರೆಯುವವರು ಈ ಭಾಗವನ್ನು ಯಾವತ್ತೂ ನೋಡುವುದಿಲ್ಲ. ನನಗೆ ಅದು ನೋವಾಗುತ್ತದೆ.

ಹೋದ ದೀಪಾವಳಿಗೆ ಮೂವರೂ ಕೂತು ಮಾತಾಡಿದೆವು. ನಾನು ವರ್ಷದ ಲೆಕ್ಕದ ಪುಸ್ತಕವನ್ನೇ ಮುಂದಿಟ್ಟೆ, ಭಾವನೆಯ ಮಾತು ಆಡಲಿಲ್ಲ. ಅಣ್ಣ ಪೂರ್ತಿ ನೋಡಿ ಕೇಳಿದ:

“ಸಿನಿಮಾ ಇಲ್ಲದ ದಿನ ಎಷ್ಟು ಖರ್ಚು? ಸ್ಟ್ಯಾಂಡು, ಮಳಿಗೆಯಿಂದ ಎಷ್ಟು ಬರುತ್ತೆ?”

“ಸದ್ಯಕ್ಕೆ ಸರಿಸಮ ಇದೆ ಅಣ್ಣ. ಒಂದೊಂದು ತಿಂಗಳು ಸ್ವಲ್ಪ ಉಳಿಯುತ್ತೆ.”

“ಹಂಗಾದ್ರೆ ನಡೆಸು. ಯಾವ ವರ್ಷ ಖಾಲಿ ದಿನಕ್ಕೆ ಮನೆಯಿಂದ ದುಡ್ಡು ಹಾಕಬೇಕಾಗುತ್ತೋ ಆ ವರ್ಷ ಮಾರೋಣ. ಅವತ್ತು ನೀನು ಬೇಡ ಅನ್ನಬಾರದು.”

ತಂಗಿಯೂ ಒಪ್ಪಿದಳು. ನಾನೂ ಒಪ್ಪಿದೆ. ಸಿನಿಮಾ ಓಡಿ ಬಂದ ಲಾಭದಲ್ಲಿ ಮೂರು ಪಾಲು, ನನ್ನ ದುಡಿಮೆಗೆ ಮ್ಯಾನೇಜರ್ ಸಂಬಳ ಬೇರೆ ಅಂತ ತಂಗಿಯೇ ಬರೆಸಿದಳು.

ಈಗ ಎದುರಿಗಿರುವುದು ಲೇಸರ್ ಪ್ರೊಜೆಕ್ಟರಿನ ವಿಚಾರ. ಕ್ಸೆನಾನ್ ಲ್ಯಾಂಪಿನ ಆಯಸ್ಸು ಸಾವಿರದ ಲೆಕ್ಕದ ಗಂಟೆಗಳಾದರೆ ಲೇಸರಿನದು ಹತ್ತಾರು ಸಾವಿರ ಗಂಟೆ, ಕರೆಂಟೂ ಕಡಿಮೆ ಎಳೆಯುತ್ತದೆ, ಬೆಳಕು ಬೇಗ ಮಂಕಾಗುವುದಿಲ್ಲ. ಆದರೆ ಅದಕ್ಕೆ ಸಾಲ ಮಾಡಬೇಕು, ಸಾಲದ ಕಂತಿಗೆ ಖಾಲಿ ದಿನ ಅಂತ ಇರುವುದಿಲ್ಲ. ಆಪರೇಟರ್ ಮಾಮ ಮಾತ್ರ “ತಗೊಳವ್ವ, ಅದರ ಬೆಳಕು ಒಂದ್ಸಲ ನಾನೂ ನೋಡ್ತೀನಿ” ಅನ್ನುತ್ತಾರೆ. ಕೊಟೇಶನ್ ತರಿಸಿದ್ದೇನೆ. ಕಂತನ್ನು ದಿನದ ಲೆಕ್ಕಕ್ಕೆ ಒಡೆದು ಪುಸ್ತಕದಲ್ಲಿ ಬರೆದು ನೋಡಿದೆ, ಅದಕ್ಕೆ ಈಗಿನ ಸ್ಟ್ಯಾಂಡಿನ ಆದಾಯ ಸಾಲುವುದಿಲ್ಲ. ಹಿಂದಿನ ಗೋಡೆ ಕಡೆ ಇನ್ನೊಂದು ಮಳಿಗೆಗೆ ಜಾಗ ಇದೆ, ಅದಕ್ಕೆ ಬಾಡಿಗೆಯವರು ಸಿಕ್ಕಿದರೆ ಈ ಮಳೆಗಾಲ ಕಳೆದ ಮೇಲೆ ಸಾಲದ ಅರ್ಜಿ ಹಾಕುತ್ತೇನೆ.